ವಾಕಿಂಗ್ ಮಾಡ್ರಿ ಅಂತಾರ, ಎಲ್ಲಿ ಮಾಡೂದು?

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವರು ತಮ್ಮ ಕಾಯಿಲೆ ಹೇಳುತ್ತಲೇ ತಮ್ಮ ಓಣಿಯ ಕಥೆಯನ್ನೂ ಹೇಳಿದ್ದಾರೆ. ಅಂಥವನ್ನೇ ಆರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಡಾಕ್ಟರ್ ಬಾಯಾರಿಗೆ ನಮಸ್ಕಾರ. ನನಗ ಈಗ 46 ವರ್ಷ. ಮೊದಲ ನಾವು ಧಾರವಾಡದ ಮಾಳಮಡ್ಡಿಯೊಳಗ ಬಾಡಿಗಿ ಮನ್ಯಾಗ ಇದ್ವಿ. ಆಮ್ಯಾಲೆ ಹುಬ್ಬಳ್ಳಿ ಕುಸುಗಲ್ ರಸ್ತೆ ಕಡೆ ಹೊಸಾ ಲೇಔಟಿನ್ಯಾಗ ಸ್ವಂತ ಮನಿ ಕಟ್ಟಿಸಿ ಬಂದ್ವಿ. ಬಂದು ಮೂರು ವರ್ಷದಾಗ ನನ್ನ ತೂಕ ಒಂಬತ್ತು ಕಿಲೋ ಏರೇತಿ, ಶುಗರ್ ಬಂದೈತಿ. ಡಾಕ್ಟರು ದಿನಾ ವಾಕಿಂಗ್ ಮಾಡ್ರಿ, ತಪ್ಪಲ ಪಲ್ಲೆ ತಿನ್ರಿ ಅಂತಾರ. ಎಲ್ಲಿ ಮಾಡೂದ್ರಿ? ಮಳಿಗಾಲದಾಗ ಎರಿ ಮಣ್ಣು ಚಪ್ಪಲಿ ಬಿಡೂದಿಲ್ಲ. ಬ್ಯಾಸಗ್ಯಾಗ ನೆಳ್ಳಿಲ್ಲ. ಸಂಜಿ ಆತಂದ್ರ ಲೈಟಿಲ್ಲ, ನಾಯಿ ಬೆನ್ನ ಹತ್ತತಾವ. ಕಾಯಿಪಲ್ಲೆ ಬೇಕಂದ್ರ ಕೇಶ್ವಾಪುರಕ್ಕ ಹೋಗಬೇಕು. ಮನ್ಯಾಗ ಎಲ್ಲಾರೂ "ನಿನಗ ಮನಸ್ಸಿಲ್ಲ" ಅಂತಾರ. ಖರೇನ ನನಗ ಮನಸ್ಸಿಲ್ಲೇನ್ರಿ?
— ಗೃಹಿಣಿ, ಹುಬ್ಬಳ್ಳಿ

ಉತ್ತರ: ತಂಗೆಮ್ಮಾ, ಮನಸ್ಸಿನ ಮಾತು ಆಮೇಲೆ. ಮಾಳಮಡ್ಡಿಯಲ್ಲಿ ಇದ್ದಾಗ ನಿಮ್ಮ ದಿನ ಹೇಗಿತ್ತು ಎಂದು ಮೊದಲು ನೆನಪು ಮಾಡಿಕೊಳ್ಳಿ. ಬೆಳಿಗ್ಗೆ ಹಾಲಿಗೆ ಮೂಲೆಯ ಅಂಗಡಿಗೆ ಹೋಗಿರುತ್ತೀರಿ. ಎರಡು ದಿನಕ್ಕೊಮ್ಮೆ ಸೂಪರ್ ಮಾರ್ಕೆಟ್‌ಗೆ ನಡೆದು ಹೋಗಿ ಕೈಚೀಲ ತುಂಬಿಕೊಂಡು ಬಂದಿರುತ್ತೀರಿ. ಧಾರವಾಡದ ರಸ್ತೆ ಎಂದರೆ ಏರು ಇಲ್ಲವೇ ಇಳುಕಲು, ಅದೂ ಕಾಲಿಗೆ ಕೆಲಸವೇ. ಸಂಜೆ ಗುಡಿ, ಆಚೆ ಓಣಿಯ ಗೆಳತಿಯ ಮನೆ, ದಾರಿಯಲ್ಲಿ ಸಿಕ್ಕವರ ಜೊತೆ ನಿಂತು ಮಾತು. ಆಗ ನೀವು ಒಂದು ದಿನವೂ "ವಾಕಿಂಗ್‌ಗೆ ಹೊರಟೆ" ಎಂದು ಹೇಳಿರಲಿಕ್ಕಿಲ್ಲ. ಆದರೂ ದಿನಕ್ಕೆ ಮುಕ್ಕಾಲು ಗಂಟೆ, ಒಂದು ಗಂಟೆ ನಡೆದಿರುತ್ತೀರಿ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಚುರುಕು ನಡಿಗೆ ಅಥವಾ ಅಷ್ಟೇ ಶ್ರಮದ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಷ್ಟನ್ನು ನಿಮ್ಮ ಹಳೇ ಓಣಿ ಕೇಳದೆಯೇ ಮಾಡಿಸುತ್ತಿತ್ತು. ಹೊಸ ಮನೆಯಲ್ಲಿ ಹಾಲು ಬಾಗಿಲಿಗೆ ಬರುತ್ತದೆ, ಕಿರಾಣಿ ವಾರಕ್ಕೊಮ್ಮೆ ಯಜಮಾನರ ಗಾಡಿಯ ಮೇಲೆ ಬರುತ್ತದೆ. ನಿಮ್ಮ ಮನಸ್ಸು ಅದೇ ಇದೆ, ಸುತ್ತಲಿನ ಜಾಗ ಬೇರೆಯಾಗಿದೆ.

ಇದು ಸಮಾಧಾನಕ್ಕೆ ಹೇಳಿದ ಮಾತಲ್ಲ. ಅಮೆರಿಕದಲ್ಲಿ 1994ರಿಂದ 1998ರವರೆಗೆ ಐದು ದೊಡ್ಡ ನಗರಗಳಲ್ಲಿ ಒಂದು ಪ್ರಯೋಗ ನಡೆಯಿತು. ತೀರಾ ಬಡ ಬಡಾವಣೆಗಳಲ್ಲಿದ್ದ 4,498 ಕುಟುಂಬಗಳನ್ನು ಚೀಟಿ ಎತ್ತಿ ಗುಂಪು ಮಾಡಿದರು. ಒಂದು ಗುಂಪಿಗೆ, ಬಡತನ ಕಡಿಮೆ ಇರುವ ಬಡಾವಣೆಗೆ ಹೋದರೆ ಮಾತ್ರ ಬಾಡಿಗೆಗೆ ನೆರವು ಎಂದರು. ಯಾರಿಗೂ ಪಥ್ಯ ಹೇಳಲಿಲ್ಲ, ವ್ಯಾಯಾಮ ಕಲಿಸಲಿಲ್ಲ. ಹತ್ತು-ಹದಿನೈದು ವರ್ಷ ಬಿಟ್ಟು ಆ ಮನೆಗಳ ಹೆಣ್ಣುಮಕ್ಕಳ ತೂಕ ನೋಡಿ, ರಕ್ತ ಪರೀಕ್ಷೆ ಮಾಡಿದರು. ನೆರವು ಸಿಕ್ಕ ಗುಂಪಿನಲ್ಲಿ ವಿಪರೀತ ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಎರಡೂ ಕಡಿಮೆ ಇದ್ದವು. 2011ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತೇನೆ, ಯಾಕೆಂದರೆ ನಾವು ವೈದ್ಯರು ಎಲ್ಲ ತಪ್ಪನ್ನೂ ರೋಗಿಯ ನಾಲಿಗೆ ಮತ್ತು ಆಲಸ್ಯದ ಮೇಲೆ ಹಾಕಿ ಕೈತೊಳೆದುಕೊಳ್ಳುವುದು ಬಹಳ ಸುಲಭ. ನಮ್ಮ ದೇಶದ ಲೆಕ್ಕವೂ ಇದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್‌ನ ದೊಡ್ಡ ಸಮೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಪಟ್ಟಣಗಳಲ್ಲಿ ಶೇ. 16.4, ಹಳ್ಳಿಗಳಲ್ಲಿ ಶೇ. 8.9. ಹಳ್ಳಿಯವರಿಗೆ ಮನೋಬಲ ಇಮ್ಮಡಿ ಇದೆ ಎಂದು ಯಾರೂ ಹೇಳಲಾರರು.

ನನ್ನ ಹತ್ತಿರ ಬರುವ ಶುಗರ್, ಬಿಪಿ ರೋಗಿಗಳಿಗೆ ನಾನು ಒಂದು ಪ್ರಶ್ನೆ ತಪ್ಪದೆ ಕೇಳುತ್ತೇನೆ: ಮನೆಯಿಂದ ಹಾಲಿನ ಅಂಗಡಿಯ ತನಕ ದಾರಿ ಹೇಳ್ರಿ. ಸೆಟ್ಲಮೆಂಟ್ ಎಂಬ ಓಣಿಯ ಕಡೆಯ ಒಬ್ಬ ಅಜ್ಜಿ ಔಷಧ ಚೀಟಿಯ ಹಿಂದೆ ಬೆರಳಿನಿಂದಲೇ ಗೆರೆ ಎಳೆದು ತೋರಿಸಿದರು. ಇಲ್ಲಿ ಮನಿ, ಇಲ್ಲಿ ಬಾಯಿ ತೆರೆದ ಗಟಾರ, ಅದರ ಮ್ಯಾಲಿನ ಕಲ್ಲು ಅಲಗಾಡತೈತಿ, ಇಲ್ಲಿ ಸೆರೆ ಅಂಗಡಿ, ಆರು ಗಂಟೆ ಮ್ಯಾಲೆ ಅಲ್ಲಿ ಗಂಡಸರು ನಿಂತಿರತಾರ, ಇಲ್ಲಿ ದೊಡ್ಡ ರಸ್ತೆ, ದಾಟಾಕ ಯಾರರೆ ಕೈ ಹಿಡೀಬೇಕು. ಆ ಅಜ್ಜಿಗೆ ನಾನು "ದಿನಾ ಅರ್ಧ ತಾಸು ನಡೀರಿ" ಎಂದು ಬರೆದುಕೊಟ್ಟಿದ್ದರೆ ಅದು ಔಷಧ ಅಂಗಡಿಯಲ್ಲಿ ಸಿಗದ ಔಷಧ ಬರೆದಂತೆ. ಗಟಾರದ ಮೇಲಿನ ಆ ಕಲ್ಲನ್ನು ಓಣಿಯ ಹುಡುಗರು ಸಿಮೆಂಟ್ ಹಾಕಿ ಕೂರಿಸಿದ ಮೇಲೆ ಅವರು ಬೆಳಿಗ್ಗೆ ಹೊತ್ತು ಹೊರಗೆ ಓಡಾಡತೊಡಗಿದರು.

ಈಗ ನಿಮಗೆ. ಗುಳಿಗೆ ಬಿಡಬೇಡಿ, ಅದು ನಡೆಯಲಿ. ಊಟವಾದ ಮೇಲೆ ಹತ್ತು-ಹದಿನೈದು ನಿಮಿಷ ನಡೆದರೆ ಕಾಲಿನ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ನೇರವಾಗಿ ಎಳೆದುಕೊಳ್ಳುತ್ತವೆ. ಇದಕ್ಕೆ ಪಾರ್ಕೇ ಬೇಕೆಂದಿಲ್ಲ. ಮಾಳಿಗೆಯ ಮೇಲೆ ಸುತ್ತು ಹಾಕಬಹುದು, ಮನೆಯ ಮುಂದೆ ಸಿಮೆಂಟ್ ಆದಷ್ಟು ಜಾಗದಲ್ಲಿ ಹೋಗಿ ಬರಬಹುದು. ಮೂರು ಊಟಕ್ಕೆ ಮೂರು ಸಲ. ಒಮ್ಮೆಗೇ ಅರ್ಧ ತಾಸು ಸಿಗದಿದ್ದರೆ ಹೀಗೆ ಒಡೆದು ಮಾಡಿದರೂ ಲಾಭವಿದೆ.

ಆದರೆ ಮಾಳಿಗೆ ಸುತ್ತುವುದನ್ನು ಬಹಳ ದಿನ ಯಾರೂ ಮಾಡುವುದಿಲ್ಲ, ಅದರಲ್ಲಿ ಸಂತೋಷವಿಲ್ಲ. ನಿಮ್ಮ ಲೇಔಟಿನಲ್ಲಿ ಇದೇ ತೊಂದರೆ ಇರುವ ನಾಲ್ಕು ಜನ ಹೆಣ್ಣುಮಕ್ಕಳು ಖಂಡಿತ ಇದ್ದಾರೆ. ಅವರನ್ನು ಹುಡುಕಿ. ಗುಂಪಾಗಿ ಹೊರಟರೆ ನಾಯಿಯ ಭಯವೂ ಕತ್ತಲೆಯ ಭಯವೂ ಅರ್ಧ ಇಳಿಯುತ್ತದೆ. ಆಮೇಲೆ ಎಲ್ಲರೂ ಸೇರಿ ಮೂರು ಕೆಲಸ ಹಿಡಿಯಿರಿ. ಉರಿಯದ ದೀಪದ ಕಂಬದ ಮೇಲೆ ನಂಬರ್ ಬರೆದಿದ್ದರೆ ಅದನ್ನು ಬರೆದುಕೊಂಡು ಪಾಲಿಕೆಯ ವಲಯ ಕಚೇರಿಗೆ ಅರ್ಜಿ ಕೊಡಿ. "ನಮ್ಮ ರಸ್ತೆಯಲ್ಲಿ ದೀಪವಿಲ್ಲ" ಎಂದು ಬರೆದರೆ ಯಾವ ರಸ್ತೆ ಎಂದು ಕೇಳುವುದರಲ್ಲೇ ಎರಡು ತಿಂಗಳು ಹೋಗುತ್ತದೆ. ಎರಡನೆಯದು, ನಗರಾಭಿವೃದ್ಧಿ ಪ್ರಾಧಿಕಾರದಿಂದ (ಹುಡಾ) ನಿಮ್ಮ ಲೇಔಟಿನ ಮಂಜೂರಾದ ನಕ್ಷೆಯ ಪ್ರತಿ ಪಡೆಯಿರಿ. ಮಂಜೂರಾದ ಲೇಔಟ್ ಎಂದ ಮೇಲೆ ಉದ್ಯಾನಕ್ಕೆಂದು ಬಿಟ್ಟ ಜಾಗ ಅದರಲ್ಲಿ ಇರಲೇಬೇಕು. ಈಗ ಅಲ್ಲಿ ಬಹುಶಃ ಜಾಲಿ ಬೆಳೆದಿರುತ್ತದೆ, ಯಾರದೋ ಮನೆ ಕಟ್ಟಿದ ಇಟ್ಟಿಗೆ ಚೂರು ಬಿದ್ದಿರುತ್ತದೆ. ಆ ಜಾಗ ಯಾವುದೆಂದು ಊರಿಗೆಲ್ಲ ಗೊತ್ತಾದರೆ ಅದನ್ನು ನುಂಗುವುದೂ ಕಷ್ಟ. ಸುತ್ತ ಒಂದು ಗಟ್ಟಿ ಕಾಲುದಾರಿ, ನಾಲ್ಕು ಬೇವಿನ ಗಿಡ, ಎರಡು ದೀಪ ಆದರೆ ಸದ್ಯಕ್ಕೆ ಸಾಕು. ಕಾರಂಜಿ ಬೇಡ. ಬೇವು ಎರಿ ಭೂಮಿಯಲ್ಲಿ ಬರುತ್ತದೆ, ನೀರೂ ಹೆಚ್ಚು ಕೇಳುವುದಿಲ್ಲ.

ಮೂರನೆಯದು ಕಾಯಿಪಲ್ಲೆ, ಮತ್ತು ಇದು ವಾರದೊಳಗೇ ಆಗುವ ಕೆಲಸ. ಕೇಶ್ವಾಪುರದ ಕಡೆ ತಳ್ಳುಗಾಡಿ ನಡೆಸುವ ಒಬ್ಬರ ಜೊತೆ ಮಾತಾಡಿ, ವಾರಕ್ಕೆ ಎರಡು ದಿನ ಇಂಥ ಹೊತ್ತಿಗೆ ಬಂದರೆ ಇಪ್ಪತ್ತು ಮನೆಯವರು ಕೊಳ್ಳುತ್ತೇವೆ ಎಂದು ಹೇಳಿ. ಮೆಂತೆ, ರಾಜಗಿರಿ, ಹಕ್ಕರಕಿ, ಸೌತಿ, ಗಜ್ಜರಿ ಬಾಗಿಲ ಮುಂದೆ ಬಂದರೆ ಮನೆಯವರೆಲ್ಲ ತಿನ್ನುತ್ತಾರೆ. ಅಂಗಡಿಯಲ್ಲಿ ಬಿಸ್ಕೀಟು, ಖಾರಾ, ಚಿಪ್ಸ್ ಮಾತ್ರ ನೇತಾಡುತ್ತಿದ್ದರೆ ಮಕ್ಕಳೂ ದೊಡ್ಡವರೂ ಅದನ್ನೇ ತಿನ್ನುತ್ತಾರೆ, ಬೈದು ಪ್ರಯೋಜನವಿಲ್ಲ. ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಲೆ ನಮ್ಮ ಕಡೆಯ ಊಟವೇ. ರೊಟ್ಟಿ ಎರಡಕ್ಕೆ ಇಳಿಸಿ, ಪಲ್ಲೆ ಹೆಚ್ಚು ಮಾಡಿ.

ಮನೆಯವರಿಗೆ ಈ ಉತ್ತರವನ್ನು ಓದಿ ಹೇಳಿ. ಓದಿದ ಮೇಲೆ ಯಜಮಾನರೂ ಸಂಜೆ ನಿಮ್ಮ ಜೊತೆ ಹೊರಡಲಿ.

ಪ್ರಶ್ನೆ: ನಾವು ಹಳೇ ಹುಬ್ಬಳ್ಳಿಯವರು. ನಮ್ಮ ಓಣಿಗೆ ನಳದ ನೀರು ಎಂಟು ದಿನಕ್ಕೊಮ್ಮೆ ಬರುತ್ತದೆ. ಬ್ಯಾರಲ್, ಹೌದ, ಕೊಡ ಎಲ್ಲ ತುಂಬಿಡುತ್ತೇವೆ. ಪ್ರತಿ ಮಳೆಗಾಲ ಓಣಿಯಲ್ಲಿ ಡೆಂಗಿ, ಬೇಸಿಗೆಯಲ್ಲಿ ಟೈಫಾಯ್ಡ್. ನಮ್ಮ ಮನೆ ಬಹಳ ಸ್ವಚ್ಛ ಇದೆ, ಆದರೂ ಮಗನಿಗೆ ಎರಡೂ ಬಂದು ಹೋದವು. ಯಾಕೆ ಹೀಗೆ?
— ವ್ಯಾಪಾರಸ್ಥರು, ಹಳೇ ಹುಬ್ಬಳ್ಳಿ

ಉತ್ತರ: ಅಣ್ಣಾವ್ರೇ, ನಿಮ್ಮ ಪತ್ರದ "ಎಂಟು ದಿನ" ಎಂಬ ಮಾತಿನಲ್ಲೇ ಡೆಂಗಿಯ ಉತ್ತರವಿದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಗಟಾರದ ಹೊಲಸು ನೀರಿಗಿಂತ ನಿಂತ ತಿಳಿನೀರು ಇಷ್ಟ. ನಮ್ಮ ಹವೆಯಲ್ಲಿ ಅದರ ತತ್ತಿ ಹುಳುವಾಗಿ, ಹುಳು ಸೊಳ್ಳೆಯಾಗಿ ಹಾರಲು ಏಳರಿಂದ ಹತ್ತು ದಿನ ಸಾಕು. ನೀರು ದಿನಾ ಬಂದರೆ ಬ್ಯಾರಲ್ ತುಂಬಿಡುವ ಅಗತ್ಯವೇ ಇಲ್ಲ, ಎರಡು ದಿನಕ್ಕೊಮ್ಮೆ ಬಂದರೆ ಹುಳು ಬೆಳೆಯುವ ಮೊದಲೇ ನೀರು ಖರ್ಚಾಗುತ್ತದೆ. ಎಂಟು ದಿನಕ್ಕೊಮ್ಮೆ ಬರುವ ನೀರು ಸೊಳ್ಳೆಗೆ ಬೇಕಾದಷ್ಟು ದಿನ ನಿಮ್ಮ ಮನೆಯಲ್ಲಿ ನಿಲ್ಲುತ್ತದೆ. ಈ ಸೊಳ್ಳೆ ಸಾಮಾನ್ಯವಾಗಿ ಕೆಲವು ನೂರು ಮೀಟರಿನ ಆಚೆ ಹಾರುವುದಿಲ್ಲ. ನಿಮ್ಮ ಮಗನಿಗೆ ಕಚ್ಚಿದ್ದು ನಿಮ್ಮ ಮನೆಯಲ್ಲಿ, ಇಲ್ಲವೇ ಅಕ್ಕಪಕ್ಕದ ಮನೆಯಲ್ಲಿ ಹುಟ್ಟಿದ್ದು. ಒಬ್ಬರ ಮನೆಯ ಸ್ವಚ್ಛತೆ ಸಾಲದು ಎನ್ನುವುದು ಅದಕ್ಕೇ.

ವಾರಕ್ಕೊಂದು ದಿನ, ನೀರು ಬರುವ ಹಿಂದಿನ ದಿನವೇ ಆದರೆ ಅನುಕೂಲ, ಇಡೀ ಓಣಿಯವರು ಬ್ಯಾರಲ್, ಹೌದ ಖಾಲಿ ಮಾಡಿ ಒಳಮೈಯನ್ನು ಬ್ರಷ್ ಹಾಕಿ ತಿಕ್ಕಿ. ತಿಕ್ಕುವುದು ಮುಖ್ಯ. ತತ್ತಿ ನೀರಿನ ಮಟ್ಟದ ಸ್ವಲ್ಪ ಮೇಲೆ ಗೋಡೆಗೆ ಅಂಟಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ, ಮತ್ತೆ ನೀರು ಮುಟ್ಟಿದಾಗ ಒಡೆಯುತ್ತದೆ. ಬ್ಯಾರಲ್ಲಿನ ಬಾಯಿಗೆ ಹಳೇ ಪಂಜೆ ಬಿಗಿದು ಹಗ್ಗ ಕಟ್ಟಿ. ಆಶಾ ಕಾರ್ಯಕರ್ತೆ ಟಾರ್ಚ್ ಹಿಡಿದು ಬಂದರೆ ಬೇಸರ ಮಾಡದೆ ಹೌದ ತೋರಿಸಿ.

ಡೆಂಗಿ ಅನುಮಾನವಿದ್ದ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಮೈಕೈ ನೋವಿಗೆಂದು ಅಂಗಡಿಯಿಂದ ಬ್ರೂಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ತಂದು ನುಂಗಬೇಡಿ, ರಕ್ತಸ್ರಾವ ಹೆಚ್ಚಾಗಬಹುದು. ಜ್ವರ ಇಳಿದ ಹೊತ್ತೇ ಎಚ್ಚರದ ಹೊತ್ತು. ಹೊಟ್ಟೆ ನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಟೈಫಾಯ್ಡಿನ ವಿಚಾರಕ್ಕೆ ನಮ್ಮೂರಿನದೇ ಸಾಕ್ಷಿ ಇದೆ, ಮತ್ತು ನಮ್ಮೂರಿನವರಿಗೇ ಅದು ಗೊತ್ತಿಲ್ಲ ಎನ್ನುವುದು ನನಗೆ ನೋವಿನ ಸಂಗತಿ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ಮೊದಲ ಹಂತದಲ್ಲಿ ದಿನದ 24 ಗಂಟೆಯೂ ನೀರು ಕೊಟ್ಟಾಗ, ಬೇರೆ ವಾರ್ಡುಗಳಲ್ಲಿ ಹಳೆಯಂತೆ ಕೆಲವು ದಿನಗಳಿಗೊಮ್ಮೆಯೇ ಬರುತ್ತಿತ್ತು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು 2010ರಿಂದ 2012ರವರೆಗೆ ಎರಡೂ ಬಗೆಯ ವಾರ್ಡುಗಳ 3,922 ಮನೆಗಳನ್ನು ಹೋಲಿಸಿ ನೋಡಿದರು, 2015ರಲ್ಲಿ ಪ್ರಕಟಿಸಿದರು. ಸದಾ ನೀರು ಬರುವ ಕಡೆ ಟೈಫಾಯ್ಡ್ ಆದ ಮನೆಗಳು ಶೇ. 42ರಷ್ಟು ಕಡಿಮೆ. ಬಡ ಕುಟುಂಬಗಳ ಮಕ್ಕಳಲ್ಲಿ ರಕ್ತಭೇದಿ ಶೇ. 37ರಷ್ಟು ಕಡಿಮೆ. ಸಾಮಾನ್ಯ ಭೇದಿಯಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಭೇದಿಗೆ ನೀರಿನ ಹೊರತಾಗಿ ಬೇರೆ ದಾರಿಗಳೂ ಇವೆ.

ಕಾರಣ ಇದು: ಪೈಪಿನಲ್ಲಿ ನೀರು ತುಂಬಿ ಹರಿಯುವಾಗ ಒತ್ತಡ ಒಳಗಿನಿಂದ ಹೊರಗೆ ಇರುತ್ತದೆ, ಬಿರುಕಿದ್ದರೂ ಹೊಲಸು ಒಳಗೆ ಬರಲಾರದು. ನೀರು ನಿಂತಾಗ ಪೈಪು ಖಾಲಿ, ಪಕ್ಕದ ಗಟಾರದ ನೀರು ಅದೇ ಬಿರುಕಿನಿಂದ ಒಳಗೆ ಸೇರುತ್ತದೆ. ಮುಂದಿನ ಸಲ ನಳ ಬಿಟ್ಟಾಗ ಮೊದಲು ಬರುವುದು ಆ ನೀರು. ಆದ್ದರಿಂದ ಮೊದಲ ಹತ್ತು-ಹದಿನೈದು ನಿಮಿಷದ ನೀರನ್ನು ಬಟ್ಟೆಗೆ, ಅಂಗಳಕ್ಕೆ ಬಳಸಿ, ಕುಡಿಯಲು ಆಮೇಲೆ ಹಿಡಿಯಿರಿ. ಕುಡಿಯುವ ನೀರನ್ನು ಕುದಿಸಿ. ಕೊಡದಲ್ಲಿ ಲೋಟ ಮುಳುಗಿಸಿ ತೆಗೆಯುವ ರೂಢಿ ಬಿಟ್ಟು, ಉದ್ದ ಹಿಡಿಯ ಸೌಟು ಅಥವಾ ನಳ ಇರುವ ಪಾತ್ರೆ ಇಟ್ಟುಕೊಳ್ಳಿ.

ರಾಜ್ಯ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಹಾಕುವ ಅಧಿಕಾರ ಕೊಟ್ಟಿತು. ಟೈರು, ತೆಂಗಿನ ಚಿಪ್ಪು ಬಿಸಾಡಿದವರಿಗೆ ದಂಡ ಹಾಕಲಿ. ಎಂಟು ದಿನಕ್ಕೊಮ್ಮೆ ನೀರು ಬರುವ ಓಣಿಯಲ್ಲಿ ಬ್ಯಾರಲ್ ತುಂಬಿಟ್ಟ ಮನೆಯವರಿಗೆ ದಂಡ ಹಾಕುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಮಲಪ್ರಭೆಯ ನೀರು ನವಿಲುತೀರ್ಥದಿಂದ ಇಷ್ಟು ದೂರ ಬರುತ್ತದೆ, ಹತ್ತಿರದ ಓಣಿಗಳಿಗೆ ದಿನಾ ಹಂಚುವುದನ್ನು ಆರೋಗ್ಯದ ಕೆಲಸ ಎಂದೇ ನೋಡಬೇಕು. ವಾರ್ಡಿನ ಸದಸ್ಯರ ಹತ್ತಿರ ಹೋಗುವಾಗ ಡೆಂಗಿ, ಟೈಫಾಯ್ಡ್ ಆದ ಮನೆಗಳ ಪಟ್ಟಿಯನ್ನೂ ಕೈಯಲ್ಲಿ ಹಿಡಿದು ಹೋಗಿ.

ಪ್ರಶ್ನೆ: ನಮ್ಮ ಓಣಿಯಲ್ಲಿ ದಿನಾ ಬೆಳಿಗ್ಗೆ ಒಣ ಎಲೆ, ಪ್ಲಾಸ್ಟಿಕ್ ಗುಡ್ಡೆ ಹಾಕಿ ಬೆಂಕಿ ಹಚ್ಚುತ್ತಾರೆ. ಮಗಳಿಗೆ ದಮ್ಮು. ಹೇಳಿದರೆ ಜಗಳ. ಏನು ಮಾಡಲಿ?
— ತಾಯಿ, ಬೆಂಗೇರಿ

ಉತ್ತರ: ಕಸ ಸುಡುವುದನ್ನು ಘನತ್ಯಾಜ್ಯ ನಿಯಮಗಳೇ ನಿಷೇಧಿಸಿವೆ, ಜಗಳ ಬೇಡ, ಪಾಲಿಕೆಯ ಆರೋಗ್ಯ ನಿರೀಕ್ಷಕರಿಗೆ ಫೋಟೋ ಸಹಿತ ದೂರು ಕೊಡಿ. ಗಾಳಿಯ ಗುಣಮಟ್ಟ ಸುಧಾರಿಸಲೇಬೇಕಾದ ನಗರಗಳೆಂದು ಕೇಂದ್ರ ಸರ್ಕಾರ 2019ರಲ್ಲಿ ಮಾಡಿದ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕರಲ್ಲಿ ಹುಬ್ಬಳ್ಳಿ-ಧಾರವಾಡವೂ ಒಂದು, ಇದನ್ನು ದೂರಿನಲ್ಲಿ ಬರೆಯಿರಿ. ಸುಡುವವರು ಕಸದ ಗಾಡಿ ಸರಿಯಾಗಿ ಬರದ್ದಕ್ಕೆ ಸುಡುತ್ತಿದ್ದರೆ ಗಾಡಿಯ ಬಗ್ಗೆಯೂ ಅದೇ ಅರ್ಜಿಯಲ್ಲಿ ಕೇಳಿ. ಆಗ ಅವರೂ ನಿಮ್ಮ ಪಕ್ಷಕ್ಕೆ ಬರುತ್ತಾರೆ. ಮಗಳ ಇನ್‌ಹೇಲರ್ ನಿಲ್ಲಿಸಬೇಡಿ, ಅದು ಚಟವಾಗುವುದಿಲ್ಲ. ಹೊಗೆಯ ಹೊತ್ತಿನಲ್ಲಿ ಆ ಕಡೆಯ ಕಿಟಕಿ ಮುಚ್ಚಿ.

ಪ್ರಶ್ನೆ: ಬ್ಯಾಡಗಿ ಹತ್ತಿರದ ಹಳ್ಳಿಯಿಂದ ಅಪ್ಪನನ್ನು ಹಾವೇರಿಗೆ ಕರೆತಂದೆ. ವಯಸ್ಸು 71. ಇಲ್ಲಿ ಎಲ್ಲ ಸೌಲಭ್ಯ ಇದೆ, ಆದರೆ ಅವರು ಊಟ ಕಡಿಮೆ ಮಾಡಿದ್ದಾರೆ, ಬಿಪಿ ಏರಿದೆ, ದಿನವಿಡೀ ಟಿವಿ. ಕೇಳಿದರೆ "ಏನೂ ಇಲ್ಲಪ್ಪಾ" ಎನ್ನುತ್ತಾರೆ. ಯಾವ ಟಾನಿಕ್ ಕೊಡಲಿ?
— ನೌಕರ, ಹಾವೇರಿ

ಉತ್ತರ: ತಮ್ಮಾ, ಟಾನಿಕ್ ಬೇಡ. ಹಳ್ಳಿಯಲ್ಲಿ ಅವರು ಬೆಳಿಗ್ಗೆ ಎದ್ದು ಹನುಮಪ್ಪನ ಗುಡಿ ಕಟ್ಟೆಗೆ ಹೋಗಿ ಕೂತರೆ ಮಳೆ, ಮೆಣಸಿನಕಾಯಿಯ ದರ, ಯಾರ ಮನೆಯ ಲಗ್ನ, ಎಲ್ಲ ಮಾತೂ ಅಲ್ಲೇ ಆಗುತ್ತಿತ್ತು. ಹೋಗುವವರು ಬರುವವರು "ಆರಾಮ ಏನ್ರಿ ಯಜಮಾನ್ರ" ಅನ್ನುತ್ತಿದ್ದರು. ನಿಮ್ಮ ಮನೆಯಲ್ಲಿ ಫ್ಯಾನು, ಫಿಲ್ಟರ್ ನೀರು ಎಲ್ಲ ಇದೆ, ಅವರನ್ನು ಹೆಸರು ಹಿಡಿದು ಮಾತಾಡಿಸುವವರು ಹಗಲಿನಲ್ಲಿ ಯಾರೂ ಇಲ್ಲ. ಒಡನಾಟಕ್ಕೂ ಆಯುಷ್ಯಕ್ಕೂ ಇರುವ ಸಂಬಂಧದ ಬಗ್ಗೆ 148 ಅಧ್ಯಯನಗಳನ್ನು ಒಟ್ಟು ಮಾಡಿ 2010ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದಿದೆ. ಜನರೊಂದಿಗೆ ಗಟ್ಟಿ ನಂಟು ಇದ್ದವರು ಬದುಕುಳಿಯುವ ಸಾಧ್ಯತೆ ಶೇ. 50ರಷ್ಟು ಹೆಚ್ಚು ಎಂದು ಅದರಲ್ಲಿ ಕಂಡುಬಂತು.

ಮನೆಗೆ ಒಂದು ಕೆಲಸ ಅವರ ಪಾಲಿಗೆ ಬಿಡಿ, ಹಾಲು ತರುವುದೋ, ಮೊಮ್ಮಗನನ್ನು ಶಾಲೆಗೆ ಬಿಡುವುದೋ. ದಾರಿಯಲ್ಲಿ ಚಹಾ ಅಂಗಡಿಯವನು, ಕ್ಷೌರದವನು, ಹೂ ಮಾರುವವಳು ಪರಿಚಯವಾಗುತ್ತಾರೆ. ಮೊದಲ ಕೆಲವು ದಿನ ನೀವು ಜೊತೆಗೆ ಹೋಗಿ ಪರಿಚಯ ಮಾಡಿಸಿ, "ನಮ್ಮ ಅಪ್ಪಾರು" ಎಂದು. ಹತ್ತಿರದ ಗುಡಿಯ ಭಜನೆಗೆ ಕಳಿಸಿ. ತಿಂಗಳಿಗೊಮ್ಮೆಯಾದರೂ ಊರಿಗೆ ಕರೆದೊಯ್ದು ರಾತ್ರಿ ಉಳಿಯಿರಿ. ಬಿಪಿ ಗುಳಿಗೆ ಬೇಕೋ ಬೇಡವೋ ವೈದ್ಯರು ನೋಡಲಿ. ಎರಡು ವಾರ ದಾಟಿಯೂ ನಿದ್ದೆ, ಊಟ ಸರಿಹೋಗದೆ, "ಇನ್ನು ಸಾಕು" ಎಂಬ ಮಾತು ಬಂದರೆ ಅದನ್ನು ಮುಪ್ಪಿನ ಮಾತು ಎಂದು ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೂ ತೋರಿಸಬಹುದು. ಹಾವೇರಿಯಿಂದ ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದು.

ಪ್ರಶ್ನೆ: ನಾನು ಗದಗ ಜಿಲ್ಲೆಯ ಪ್ರೌಢಶಾಲೆಯೊಂದರ ಶಿಕ್ಷಕಿ. ಶಾಲೆ ಗೇಟಿನ ಎದುರೇ ಡಬ್ಬಿ ಅಂಗಡಿಯಲ್ಲಿ ತಂಬಾಕಿನ ಚೀಟು ನೇತು ಹಾಕಿದ್ದಾರೆ. ಒಂಬತ್ತನೇ ತರಗತಿಯ ಹುಡುಗರು ಬಾಯಲ್ಲಿ ಇಟ್ಟುಕೊಂಡೇ ಒಳಗೆ ಬರುತ್ತಾರೆ. ಎಷ್ಟು ಬುದ್ಧಿ ಹೇಳಿದರೂ ಕೇಳುವುದಿಲ್ಲ.
— ಶಿಕ್ಷಕಿ, ಗದಗ

ಉತ್ತರ: ಟೀಚರ್, ಬುದ್ಧಿ ಹೇಳುವುದನ್ನು ಬಿಡಬೇಡಿ, ಆದರೆ ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಬೀಳುವ ಚೀಟಿನ ಮುಂದೆ ಬುದ್ಧಿಮಾತು ಸೋಲುತ್ತದೆ. ಆ ಅಂಗಡಿಯನ್ನು ಅಲ್ಲಿಂದ ಸರಿಸುವುದು ಮೊದಲ ಕೆಲಸ. ಶಾಲೆಯ ಸುತ್ತ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಎಂದು 2003ರ ಕೇಂದ್ರ ಕಾಯ್ದೆಯೇ ಹೇಳುತ್ತದೆ. ಚಿಕ್ಕವರಿಗೆ ಮಾರುವುದಂತೂ ಎಲ್ಲಿಯೂ ಅಪರಾಧ, ಆ ವಯಸ್ಸಿನ ಮಿತಿಯನ್ನು ಕರ್ನಾಟಕ ಈಗ 18ರಿಂದ 21ಕ್ಕೆ ಏರಿಸಿದೆ. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಿಂದಲೇ ನಿಷೇಧ. ಅಂಗಡಿಯವರು ಬಡವರಿರಬಹುದು. ಪೆನ್ನು, ನೋಟ್‌ಬುಕ್, ಶೇಂಗಾ ಚಿಕ್ಕಿ, ಬಾಳೆಹಣ್ಣು ಇಟ್ಟರೆ ಅದೇ ಮಕ್ಕಳು ಕೊಳ್ಳುತ್ತಾರೆ ಎಂದು ಶಾಲಾ ಸಮಿತಿಯ (ಎಸ್‌ಡಿಎಂಸಿ) ಹಿರಿಯರೊಬ್ಬರಿಂದ ಒಮ್ಮೆ ಹೇಳಿಸಿ ನೋಡಿ.

ಕೇಳದಿದ್ದರೆ ಗೇಟಿನಿಂದ ಅಂಗಡಿಗೆ ಎಷ್ಟು ದೂರ ಎಂದು ಟೇಪ್ ಹಿಡಿದು ಅಳೆದು, ಫೋಟೋ ತೆಗೆದು, ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಜಿಲ್ಲಾ ತಂಬಾಕು ನಿಯಂತ್ರಣ ಕೋಶಕ್ಕೆ ಬರೆಯಿರಿ, ಪ್ರತಿಯನ್ನು ಪೊಲೀಸ್ ಠಾಣೆಗೂ ಬಿಇಒ ಕಚೇರಿಗೂ ಕೊಡಿ. ಈಗಾಗಲೇ ಚಟಕ್ಕೆ ಬಿದ್ದ ಹುಡುಗರನ್ನು ತರಗತಿಯ ಮುಂದೆ ನಿಲ್ಲಿಸಿ ಬೈಯಬೇಡಿ, ಅವರು ಶಾಲೆ ಬಿಡುತ್ತಾರೆ. ಒಬ್ಬೊಬ್ಬರನ್ನೇ ಕರೆದು ಬಾಯಿ ತೆರೆಸಿ ನೋಡಿ. ಮೂರು ಬೆರಳು ಒಳಗೆ ಹಿಡಿಯದಷ್ಟು ಬಾಯಿ ಬಿಗಿದಿದ್ದರೆ, ಕೆನ್ನೆಯ ಒಳಗೆ ಬಿಳಿ ಪಟ್ಟಿ ಕಂಡರೆ, ದಂತ ವೈದ್ಯರಿಗೆ ತೋರಿಸಲು ಮನೆಯವರಿಗೆ ಹೇಳಿ. ಚಟ ಬಿಡಲು ನೆರವು ಕೊಡುವ ಸರ್ಕಾರಿ ಉಚಿತ ಸಹಾಯವಾಣಿ 1800-11-2356. ಅರ್ಜಿ ಕೊಡುವಾಗ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ತಿಂಗಳಾದರೂ ಅಂಗಡಿ ಅಲ್ಲೇ ಇದ್ದರೆ ಆ ಪ್ರತಿಯ ಜೊತೆ ನನಗೆ ಮತ್ತೆ ಬರೆಯಿರಿ.